ರಾಜರ ಕಥೆಯ ಹಾಡು ನಾಟಕ: ನೋಡೋಣ, ಆದರೆ ಒಂದು ಪ್ರಶ್ನೆ ಇಟ್ಟುಕೊಂಡು



ಗುಳೆ ಹೋದವರು ಹಬ್ಬಕ್ಕೆಂದು ಊರಿಗೆ ತಿರುಗಿ ಬರುವ ಹೊತ್ತಿಗೆ ನಮ್ಮ ಕೋಸಗಿ, ಆದೋನಿ ಸುತ್ತಿನ ಹಳ್ಳಿಗಳಲ್ಲಿ ಆಟದ ಮಾತು ಶುರುವಾಗುತ್ತದೆ. ಒಂದೂರಲ್ಲಿ ಕನ್ನಡದ ಬಯಲಾಟ, ಪಕ್ಕದೂರಲ್ಲಿ ತೆಲುಗಿನ ಪದ್ಯನಾಟಕ. ಅದರ ಹಿಂದೆಯೇ ನಮ್ಮ ಧರ್ಮಕೇಂದ್ರದ ಯುವಜನರಲ್ಲಿ ಒಂದು ಪ್ರಶ್ನೆ ಏಳುತ್ತದೆ: ನಾವು ನೋಡಲು ಹೋಗಬಹುದೇ?

ಇದಕ್ಕೆ ಮನೆಗಳಲ್ಲಿ ಎರಡು ಥರದ ಉತ್ತರ ಸಿಗುತ್ತದೆ. ಕೆಲವು ಹಿರಿಯರು, “ಬೇಡಪ್ಪಾ, ಆಟ ಶುರುವಾಗುವುದೇ ಗಣಪತಿ ಪೂಜೆಯಿಂದ, ನಮಗ್ಯಾಕೆ?” ಎನ್ನುತ್ತಾರೆ. ಇನ್ನು ಕೆಲವರು, “ಅದರಲ್ಲೇನಿದೆ, ಬರೀ ಹಾಡು, ಕುಣಿತ, ಹೋಗಿ ಬರ್ರಿ” ಎನ್ನುತ್ತಾರೆ. ಎರಡು ಮಾತಿನಲ್ಲೂ ನಮ್ಮ ಮೇಲಿನ ಪ್ರೀತಿ ಇದೆ. ಆದರೆ ಎರಡೂ ಒಂದು ವಿಷಯವನ್ನು ಬಿಟ್ಟುಬಿಡುತ್ತವೆ ಎಂದು ನಮಗೆ ಅನಿಸುತ್ತದೆ. ಆಟ ಅಂದರೆ ಶುರುವಿನ ಪೂಜೆಯೊಂದೇ ಅಲ್ಲ, ಬರೀ ಮನರಂಜನೆಯೂ ಅಲ್ಲ. ಅದೊಂದು ಕಥೆ. ಹಾಡಿನ ಬಂಡಿ ಹತ್ತಿ ನಮ್ಮೊಳಗೆ ಬಂದು ಕೂತುಬಿಡುವ ಕಥೆ. ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾರಿಗಾಗಿ ಅಳಬೇಕು, ಯಾರನ್ನು ನೋಡಿ ನಗಬೇಕು ಎಂಬುದನ್ನು ನಮಗೆ ಗೊತ್ತಾಗದ ಹಾಗೆ ಅದು ಕಲಿಸುತ್ತದೆ. ಅದಕ್ಕೇ ಈ ವಿಷಯ ಬರೆಯಬೇಕು ಅನಿಸಿತು.

ಮೊದಲೇ ಹೇಳಿಬಿಡುತ್ತೇವೆ: ನಮಗೆ ಆಟ ಎಂದರೆ ಇಷ್ಟ. ಆದರೆ ಆ ಇಷ್ಟದ ಜೊತೆಗೆ ಒಂದು ಕಸಿವಿಸಿಯೂ ಇದೆ.

ಎರಡು ಭಾಷೆಯ ಆಟದ ಸೀಮೆ

ನಮ್ಮದು ಎರಡು ರಂಗಭೂಮಿಗಳು ಕೂಡುವ ಜಾಗ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಬಂದವು. ಅದಕ್ಕೂ ಮೊದಲು ನಾವೂ ಬಳ್ಳಾರಿಯೂ ಒಂದೇ ಜಿಲ್ಲೆ. ಗಡಿ ಗೆರೆ ಬಿದ್ದ ಮೇಲೂ ಆಟಕ್ಕೆ ಗಡಿ ಬೀಳಲಿಲ್ಲ. ತೆಲುಗು ನಾಟಕದ ಪಿತಾಮಹ ಎಂದು ಕರೆಸಿಕೊಂಡ ಧರ್ಮವರಂ ರಾಮಕೃಷ್ಣಮಾಚಾರ್ಯರು, ಚಾರಿತ್ರಿಕ ನಾಟಕಗಳನ್ನು ಬರೆದ ಕೋಲಾಚಲಂ ಶ್ರೀನಿವಾಸರಾಯರು, ದೊಡ್ಡ ನಟ ಬಳ್ಳಾರಿ ರಾಘವರು, ಮೂವರೂ ಕೆಲಸ ಮಾಡಿದ್ದು ಬಳ್ಳಾರಿಯಲ್ಲೇ. ಅದೇ ಬಳ್ಳಾರಿ ಸೀಮೆ ಕನ್ನಡದ ದೊಡ್ಡಾಟಕ್ಕೂ ಹೆಸರುವಾಸಿ.

ದೊಡ್ಡಾಟ ನೋಡಿದವರಿಗೆ ಅದರ ಸೊಗಸನ್ನು ಬೇರೆ ಹೇಳಬೇಕಿಲ್ಲ. ಮದ್ದಳೆ, ತಾಳ, ಹಾರ್ಮೋನಿಯಂ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ಅಟ್ಟದ ಹಲಗೆ ಅದುರುವ ಹಾಗೆ ಕುಣಿಯುತ್ತಾ ಬರುತ್ತಾನೆ. ಸಾರಥಿ ಅವನನ್ನು ತಡೆದು, ನೀನ್ಯಾರು, ಯಾವ ದೇಶದವನು ಎಂದು ವಿಚಾರಿಸುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದವನು, ಹೋಟೆಲಿನಲ್ಲಿ ಟೀ ಸೋಸಿದವನು, ಆ ರಾತ್ರಿ ಎದೆಯುಬ್ಬಿಸಿ ತಾನು ಇಂಥ ದೇಶದ ಅರಸ ಎಂದು ಹೇಳಿಕೊಳ್ಳುತ್ತಾನೆ. ಇದನ್ನು ನೋಡುವಾಗ ನಮಗೆ ಸಂತೋಷವಾಗುತ್ತದೆ. ವರ್ಷವಿಡೀ ಯಾರೂ ನೀನ್ಯಾರು ಎಂದು ಕೇಳದ ಮನುಷ್ಯನನ್ನು ಒಂದು ರಾತ್ರಿಯಾದರೂ ನಿಲ್ಲಿಸಿ ಕೇಳುತ್ತಾರಲ್ಲ! ಪದ್ಯನಾಟಕದಲ್ಲೂ ಹಾಗೆಯೇ. ಒಂದು ಪದ್ಯದ ಕೊನೆಯ ರಾಗವನ್ನು ನಟ ಎಳೆದೆಳೆದು ಹಾಡಿದರೆ ಜನ “ಒನ್ಸ್ ಮೋರ್” ಎಂದು ಕೂಗುತ್ತಾರೆ, ಸತ್ತು ಬಿದ್ದವನೂ ಎದ್ದು ಮತ್ತೆ ಹಾಡಬೇಕು.

ನಮ್ಮ ಸೀಮೆಯ ರಾಜಕುಮಾರ

ಈ ಆಟಗಳಲ್ಲಿ ಹೆಚ್ಚಿನವು ಮಹಾಭಾರತ, ರಾಮಾಯಣದವು. ಆದರೆ ನಮ್ಮ ಮಣ್ಣಿನದೇ ಆದ ಒಬ್ಬ ವೀರನೂ ಇದ್ದಾನೆ: ಕುಮಾರರಾಮ. ಆದೋನಿ, ಬಳ್ಳಾರಿ ದಾಟಿದರೆ ಸಿಗುವ ಕಂಪ್ಲಿ ಅವನ ತಂದೆ ಕಂಪಿಲರಾಯನ ರಾಜ್ಯ. 16ನೆಯ ಶತಮಾನದಲ್ಲಿ ನಂಜುಂಡ ಕವಿ ಅವನ ಮೇಲೆ ಸಾಂಗತ್ಯದಲ್ಲಿ ದೊಡ್ಡ ಕಾವ್ಯ ಬರೆದ. ಜನಪದರು ಹಾಡು ಕಟ್ಟಿದರು, ಆಟ ಆಡಿದರು. 2006ರಲ್ಲಿ ಶಿವರಾಜಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ ಸಿನಿಮಾವೂ ಬಂತು.

ಕಥೆ ನಿಮಗೆ ಗೊತ್ತಿರಬಹುದು. ಕುಮಾರರಾಮ ಶೂರ, ಬೇರೆ ಹೆಣ್ಣುಮಕ್ಕಳನ್ನೆಲ್ಲ ಅಕ್ಕತಂಗಿಯರೆಂದು ಕಾಣುವವನು. ಆಟವಾಡುವಾಗ ಅವನ ಚೆಂಡು ಚಿಕ್ಕಮ್ಮ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಪ್ಪದಿದ್ದಾಗ ಅವನ ಮೇಲೆಯೇ ದೂರು ಹೇಳುತ್ತಾಳೆ. ತಂದೆ ಹಿಂದುಮುಂದು ನೋಡದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ಬಚ್ಚಿಡುತ್ತಾನೆ. ದೆಹಲಿಯ ಸೈನ್ಯ ಮುತ್ತಿಗೆ ಹಾಕಿದಾಗ ಸತ್ತನೆಂದುಕೊಂಡ ಮಗ ಎದ್ದು ಬಂದು, ತನ್ನನ್ನು ಕೊಲ್ಲಹೇಳಿದ ತಂದೆಯ ರಾಜ್ಯಕ್ಕಾಗಿಯೇ ಹೋರಾಡಿ ಪ್ರಾಣ ಬಿಡುತ್ತಾನೆ.

ಶುಭಸಂದೇಶ ಓದಿ ಬೆಳೆದ ನಮಗೆ ಈ ಕಥೆ ಎಲ್ಲೋ ಪರಿಚಯವಿದ್ದಂತೆ ಕಾಣುವುದು ಸಹಜ. ಚಿಕ್ಕಮ್ಮನ ಸುಳ್ಳು ದೂರು ಕೇಳಿದಾಗ ಆದಿಕಾಂಡದ ಜೋಸೆಫ, ಪೋಟೀಫರನ ಹೆಂಡತಿ ನೆನಪಾಗುತ್ತಾರೆ. ತೆಲುಗಿನಲ್ಲಿ ಇದೇ ಜಾಡಿನ ಕಥೆ ಸಾರಂಗಧರನದು. ಅಲ್ಲಿ ಚೆಂಡಿನ ಬದಲು ಪಾರಿವಾಳ, ರತ್ನಾಜಿಯ ಬದಲು ಚಿತ್ರಾಂಗಿ. ಧರ್ಮವರಂ ಅವರು ಅದನ್ನು ದುರಂತ ನಾಟಕವಾಗಿ ಬರೆದರು.

ದೂರದ ದೇಶದ ಅಣ್ಣ

ಇಂಥ ಒಬ್ಬ ಕಥೆಯ ರಾಜ ಇಂಗ್ಲೆಂಡಿನವರಿಗೂ ಇದ್ದಾನೆ: ಆರ್ಥರ್. ಚರಿತ್ರೆಯಲ್ಲಿ ಅವನ ಗುರುತು ಮಬ್ಬು, ಹಾಡಿನಲ್ಲಿ ಮಾತ್ರ ಸ್ಪಷ್ಟ. ಅವನ ಕಥೆಯನ್ನೂ ಜನ ಹಾಡು ನಾಟಕ ಮಾಡಿದ್ದಾರೆ. ಅದರಲ್ಲಿ ಹೆಸರಾದದ್ದು ‘ಕ್ಯಾಮೆಲಾಟ್’. ಅಲನ್ ಜೇ ಲರ್ನರ್ ಬರೆದು, ಫ್ರೆಡರಿಕ್ ಲೋ ಸಂಗೀತ ಕೊಟ್ಟ ಈ ನಾಟಕ 1960ರ ಡಿಸೆಂಬರ್ 3ರಂದು ನ್ಯೂಯಾರ್ಕಿನ ರಂಗಕ್ಕೆ ಬಂತು. ರಿಚರ್ಡ್ ಬರ್ಟನ್ ಆರ್ಥರನಾದರೆ, ಜೂಲಿ ಆಂಡ್ರ್ಯೂಸ್ ರಾಣಿ ಗ್ವಿನೆವಿಯರ್. 1967ರಲ್ಲಿ ಅದು ಸಿನಿಮಾ ಆಯಿತು. ನಮಗೆ ಫೋನಿನಲ್ಲಿ ನೋಡಲು ಸಿಗುವುದು ಅದೇ. ಮೊದಲು ಟೊರಾಂಟೊದಲ್ಲಿ ಆಡಿದಾಗ ನಾಟಕ ನಾಲ್ಕು ಗಂಟೆ ಮೀರಿ ನಡೆಯಿತು, ಆಮೇಲೆ ಕತ್ತರಿಸಿ ಚಿಕ್ಕದು ಮಾಡಿದರು. ಬೆಳಗಿನವರೆಗೆ ಬಯಲಾಟ ನೋಡುವ ನಮ್ಮೂರಿನವರು ಈ ಮಾತು ಕೇಳಿದರೆ, “ಅಷ್ಟಕ್ಕೇ ಸುಸ್ತಾದರೇನು?” ಎಂದು ನಗುತ್ತಾರೆ.

ಆ ನಾಟಕದ ಆರ್ಥರನಿಗೆ ಒಂದು ಒಳ್ಳೆಯ ಯೋಚನೆ ಹೊಳೆಯುತ್ತದೆ. ಬಲ ಇದ್ದವನದೇ ನ್ಯಾಯ ಆಗಬಾರದು, ಇರುವ ಬಲವೆಲ್ಲ ನ್ಯಾಯದ ಪರವಾಗಿ ನಿಲ್ಲಬೇಕು. ಅದಕ್ಕಾಗಿ ವೀರರನ್ನೆಲ್ಲ ಕರೆದು ದುಂಡು ಮೇಜಿನ ಸುತ್ತ ಕೂರಿಸುತ್ತಾನೆ. ದುಂಡು ಮೇಜಿಗೆ ಮೇಲುಕೊನೆ, ಕೆಳಕೊನೆ ಇಲ್ಲ. ಕತ್ತಿಯ ಬದಲು ಕಾನೂನು, ನ್ಯಾಯಾಲಯ ಎಂದು ಮುಂದೆ ಹೋಗುತ್ತಾನೆ. ಆದರೆ ರಾಣಿ ಗ್ವಿನೆವಿಯರ್ ಮತ್ತು ಅವನ ಆಪ್ತ ವೀರ ಲ್ಯಾನ್ಸಲಾಟ್ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಆರ್ಥರನ ಮಗ ಮಾರ್ಡ್ರೆಡ್ ಸಂಚು ಮಾಡಿ ಅದನ್ನು ಬಯಲಿಗೆಳೆಯುತ್ತಾನೆ. ರಾಜ ತಾನೇ ಮಾಡಿದ ಕಾನೂನಿನ ಪ್ರಕಾರ ತನ್ನ ರಾಣಿಯನ್ನು ಸುಡುವ ಶಿಕ್ಷೆಗೆ ಒಪ್ಪಬೇಕಾಗುತ್ತದೆ. ಲ್ಯಾನ್ಸಲಾಟ್ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ, ಯುದ್ಧ ಶುರುವಾಗುತ್ತದೆ, ದುಂಡು ಮೇಜು ಒಡೆಯುತ್ತದೆ.

ಕಂಪಿಲರಾಯ ಸಿಟ್ಟಿನ ಮಾತು ಕೇಳಿ ಮಗನನ್ನು ಕೊಲ್ಲಹೇಳಿದ. ಆರ್ಥರ್ ಕಾನೂನಿನ ಮಾತು ಕೇಳಿ ಹೆಂಡತಿಯನ್ನು ಕೊಡಲು ಹೊರಟ. ಒಬ್ಬನಿಗೆ ವಿಚಾರಣೆ ಬೇಕಿತ್ತು, ಇನ್ನೊಬ್ಬನಿಗೆ ಕರುಣೆ ಬೇಕಿತ್ತು. ಎರಡೂ ರಾಜ್ಯಗಳು ಕೆಟ್ಟದ್ದು ಹೊರಗಿನ ವೈರಿಯಿಂದ ಅಲ್ಲ, ಮನೆಯೊಳಗಿನ ಅನ್ಯಾಯದಿಂದ. ಇಂಥ ಕಥೆಗಳಲ್ಲಿ ನಮಗೆ ಹಿಡಿಸುವುದು ಇದೇ. ಒಳ್ಳೆಯದನ್ನು ಬರೀ ಉಪದೇಶ ಮಾಡುವುದಿಲ್ಲ, ಒಳ್ಳೆಯವರೂ ಎಲ್ಲಿ ಮುಗ್ಗರಿಸುತ್ತಾರೆ ಎಂದು ತೋರಿಸುತ್ತವೆ.

ಹೊರೆ ಯಾರ ಹೆಗಲಿಗೆ?

ಈಗ ಕಸಿವಿಸಿಯ ಮಾತು.

ಆಟ ಮುಗಿಸಿ ಮನೆಗೆ ಹೋಗುವಾಗ ಜನ ಏನು ಮಾತಾಡಿಕೊಳ್ಳುತ್ತಾರೆ, ಸ್ವಲ್ಪ ಕಿವಿಗೊಟ್ಟು ಕೇಳಿ. “ಆ ರತ್ನಾಜಿ ಒಬ್ಬಳಿಂದ ರಾಜ್ಯ ಹಾಳಾಯಿತು.” ಆರ್ಥರನ ಕಥೆಯಲ್ಲೂ ಅದೇ: ರಾಣಿಯಿಂದ ಎಲ್ಲ ಹಾಳಾಯಿತು. ವಿಚಾರಿಸದೆ ಮಗನ ತಲೆ ಕೇಳಿದ ರಾಜ ಯಾರು? ಅವನಿಗೆ ಯಾರೂ ಬೈಯುವುದಿಲ್ಲ. ವಯಸ್ಸಾದ ರಾಜ ಎಳೆಯ ಹುಡುಗಿಯನ್ನು ಮದುವೆಯಾದದ್ದು ಸರಿಯೇ? ಅದನ್ನೂ ಯಾರೂ ಕೇಳುವುದಿಲ್ಲ. ಸಾರಂಗಧರನ ಕಥೆಯ ಕೆಲವು ರೂಪಗಳಲ್ಲಿ ಚಿತ್ರಾಂಗಿಗೆ ಗಂಡೆಂದು ಮೊದಲು ಗೊತ್ತುಮಾಡಿದ್ದು ಮಗನನ್ನು, ಆಮೇಲೆ ಕಟ್ಟಿಕೊಂಡದ್ದು ಅಪ್ಪ. ‘ಕ್ಯಾಮೆಲಾಟ್’ನಲ್ಲಿ ಗ್ವಿನೆವಿಯರ್ ಮುಖವನ್ನೇ ನೋಡದ ರಾಜನಿಗೆ ಮದುವೆಯಾಗಲು ಹೊರಟು ಬಂದವಳು. ಸುಳ್ಳು ದೂರು ಹೇಳುವುದು ಪಾಪವೇ, ನಾವು ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಒಂದು ಮನೆ ಮುರಿದುಬಿದ್ದಾಗ ಎಲ್ಲ ಹೊರೆಯನ್ನೂ ಒಂದೇ ಹೆಗಲಿಗೆ ಏರಿಸಿ ಉಳಿದವರೆಲ್ಲ ಕೈ ತೊಳೆದುಕೊಳ್ಳುವುದು ಪಿಲಾತನ ಕೆಲಸ. ನಮ್ಮ ಊರುಗಳಲ್ಲಿ ಮನೆ ಕೆಟ್ಟರೆ ಸೊಸೆಯದೇ ತಪ್ಪು ಎನ್ನುವ ಮಾತು ಎಲ್ಲಿಂದ ಬಂತು ಎಂದು ಯೋಚಿಸಿದರೆ, ಒಂದು ಪಾಲು ಈ ಅಟ್ಟದ ಮೇಲಿನಿಂದಲೂ ಇಳಿದು ಬಂದಿದೆ.

ಇಂಗ್ಲಿಷಿನವರು ಇದನ್ನು ತಾವೇ ಗೇಲಿ ಮಾಡಿಕೊಂಡಿದ್ದೂ ಇದೆ. 2005ರಲ್ಲಿ ನ್ಯೂಯಾರ್ಕಿನಲ್ಲಿ ‘ಸ್ಪಾಮಲಾಟ್’ ಎಂಬ ಇನ್ನೊಂದು ಹಾಡು ನಾಟಕ ಬಂತು. ಆರ್ಥರನ ಕಥೆಯನ್ನೇ ನಗೆಯಾಟ ಮಾಡಿದ್ದು. ಅದರಲ್ಲಿ ರಾಜನಿಗೆ ಕುದುರೆಯೇ ಇಲ್ಲ, ಹಿಂದೆ ಒಬ್ಬ ಆಳು ತೆಂಗಿನ ಚಿಪ್ಪು ಬಡಿದು ಗೊರಸಿನ ಸದ್ದು ಮಾಡುತ್ತಾನೆ. ಕುಣಿತದಲ್ಲೇ ಕುದುರೆ ಓಡಿಸುವ ನಮ್ಮವರಿಗೆ ಇದು ಹೊಸದೇನಲ್ಲ. ಆದರೆ ಒಂದು ಜಾಗದಲ್ಲಿ ನಾಯಕಿ ಮುಂದೆ ಬಂದು, ಎರಡನೆಯ ಅಂಕದಲ್ಲಿ ನನ್ನ ಪಾತ್ರವೇ ಕಾಣೆಯಾಯಿತಲ್ಲ ಎಂದು ಪ್ರೇಕ್ಷಕರಿಗೇ ಹಾಡಿನಲ್ಲಿ ದೂರು ಕೊಡುತ್ತಾಳೆ. ನಗಿಸಲು ಬರೆದ ಹಾಡೇ, ಆದರೂ ಅದರೊಳಗೆ ನಿಜವಿದೆ.

ಎರಡನೆಯದು ವೈರಿಯ ವಿಷಯ. ಕುಮಾರರಾಮನ ಕಥೆಯಲ್ಲಿ ದೆಹಲಿಯ ಸುಲ್ತಾನನ ಸೈನ್ಯ ಬಂದೊಡನೆ ಕೆಲವು ಕಡೆ ಅಟ್ಟದ ಮೇಲಿನ ಮಾತು ಬೇರೆ ಕಡೆಗೆ ತಿರುಗುತ್ತದೆ. ಕೇಳುತ್ತಾ ಕೂತವರಲ್ಲಿ ನಮ್ಮ ಮುಸ್ಲಿಂ ನೆರೆಯವರೂ ಇರುತ್ತಾರೆ. ಚರಿತ್ರೆ ಏನು ಹೇಳುತ್ತದೆ ನೋಡಿ. ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆ ಎದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಕಂಪಿಲರಾಯನ ಆಶ್ರಯ ಕೇಳಿದ. ಕಂಪಿಲರಾಯ ಅವನನ್ನು ಬಿಟ್ಟುಕೊಡಲಿಲ್ಲ. 1327ರ ಸುಮಾರಿಗೆ ರಾಜ್ಯ ನಾಶವಾದದ್ದು ಆ ಯುದ್ಧದಲ್ಲಿ. ಅಂದರೆ ನಮ್ಮ ಸೀಮೆಯ ಆ ಹಿಂದೂ ರಾಜ ಮರೆಹೊಕ್ಕ ಒಬ್ಬ ಮುಸ್ಲಿಮನನ್ನು ಕಾಪಾಡಲು ಹೋಗಿ ರಾಜ್ಯ, ಪ್ರಾಣ ಎರಡನ್ನೂ ಕಳೆದುಕೊಂಡ. ಇದಕ್ಕಿಂತ ದೊಡ್ಡ ಪದ್ಯಕ್ಕೆ ಬೇರೆ ವಸ್ತು ಬೇಕೇ? ಮರೆಹೊಕ್ಕವರನ್ನು ಕಾಯುವ ಈ ಭಾಗವನ್ನು ಎತ್ತಿ ಹಾಡುವ ಮಾಸ್ತರು ಸಿಕ್ಕರೆ ನಾವು ಮೊದಲ ಸಾಲಿನಲ್ಲಿ ಕೂತು ಕೇಳುತ್ತೇವೆ.

ಮೂರನೆಯದು ನಮ್ಮ ಕೇರಿಗೇ ಸೇರಿದ್ದು. ಕುಮಾರರಾಮನ ಎದುರು ಸುಲ್ತಾನನ ಕಡೆಯಿಂದ ಬಂದು ಹೋರಾಡುವವಳು ಮಾತಂಗಿ ಎಂಬ ಹೆಣ್ಣು. ಆ ಹೆಸರು ಯಾವ ಕೇರಿಯದು ಎಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಾಜಕುಮಾರನಿಗೆ ಸಮನಾಗಿ ಕತ್ತಿ ಹಿಡಿದ ಹೆಣ್ಣನ್ನು ಕಥೆ ಕೊನೆಗೂ ವೈರಿ ಎಂದೇ ಕರೆಯುತ್ತದೆ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳ ಅಜ್ಜಂದಿರು ಹಲಗೆ ಬಾರಿಸಿದವರು. ಊರಿನ ಹಬ್ಬಕ್ಕೆ, ಸಾವಿಗೆ ಅವರ ಹಲಗೆ ಬೇಕಿತ್ತು, ಅವರು ಬೇಕಿರಲಿಲ್ಲ. ಆದ್ದರಿಂದ ಅಟ್ಟದ ಮೇಲೆ ಯಾರ ಪಾತ್ರ ಹೇಗಿದೆ ಎಂದು ನೋಡುವುದು ನಮಗೆ ಸಣ್ಣ ವಿಷಯವಲ್ಲ.

ಹರಿಶ್ಚಂದ್ರನ ಸುಡುಗಾಡು

ಇದಕ್ಕೆ ಹರಿಶ್ಚಂದ್ರನ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ತೆಲುಗು ಹರಿಶ್ಚಂದ್ರ ನಾಟಕದ ಸುಡುಗಾಡಿನ ದೃಶ್ಯಕ್ಕೆ ಜನ ನಿದ್ದೆಗೆಟ್ಟು ಕಾಯುತ್ತಾರೆ. ರಾಜನಾಗಿದ್ದವನು ಸುಡುಗಾಡು ಕಾಯುವ ವೀರಬಾಹುವಿನ ಆಳಾಗಿ, ಕೋಲು ಹಿಡಿದು ನಿಂತು ಹಾಡುತ್ತಾನೆ. ನಾವೂ ಅತ್ತಿದ್ದೇವೆ. ಆದರೆ ಅತ್ತ ಮೇಲೆ ಕೇಳಿಕೊಳ್ಳಬೇಕು: ನಾವು ಅತ್ತದ್ದು ಏತಕ್ಕೆ? ಮಗ ಸತ್ತದ್ದಕ್ಕೋ, ಅಥವಾ ಅಂಥ ದೊಡ್ಡ ರಾಜ ಕೀಳು ಎನಿಸಿಕೊಂಡವನ ಆಳಾಗಬೇಕಾಯಿತಲ್ಲ ಎಂಬುದಕ್ಕೋ? ಅದೇ ಕೆಲಸವನ್ನು ತಲೆತಲಾಂತರದಿಂದ ಮಾಡಿದವನಿಗೆ ಯಾರೂ ರಾಗ ಎಳೆದು ಹಾಡಲಿಲ್ಲ.

ಕನ್ನಡದ ರಾಘವಾಂಕನಿಗೆ ಈ ಪ್ರಶ್ನೆ 13ನೆಯ ಶತಮಾನದಲ್ಲೇ ಹೊಳೆದಿತ್ತು. ಅವನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಕೀಳುಜಾತಿಯ ಇಬ್ಬರು ಹುಡುಗಿಯರು ರಾಜನ ಮುಂದೆ ಹಾಡುತ್ತಾರೆ. ರಾಜ ಮೆಚ್ಚಿ ಒಡವೆ ಕೊಡುತ್ತಾನೆ. ನಮ್ಮನ್ನು ಮದುವೆಯಾಗು ಎಂದಾಗ ಮಾತ್ರ ಕುಲದ ಮಾತು ತೆಗೆಯುತ್ತಾನೆ. ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಅಂಟದ ಮೈಲಿಗೆ ಮುಟ್ಟಿದರೆ ಮಾತ್ರ ಅಂಟುತ್ತದೆಯೇ ಎಂಬರ್ಥದಲ್ಲಿ ಅವರು ವಾದ ಮಾಡುತ್ತಾರೆ. ಹಾಡು ಬೇಕು, ಹಾಡಿದವರು ಬೇಡ: ಎಂಟುನೂರು ವರ್ಷ ಕಳೆಯುತ್ತಾ ಬಂದರೂ ಅಟ್ಟದ ಸುತ್ತ ಈ ಮಾತು ಪೂರ್ತಿ ಹಳೆಯದಾಗಿಲ್ಲ.

ಹಾಗಾದರೆ ಆಟ ಬಿಟ್ಟುಬಿಡೋಣವೇ? ಇಲ್ಲಿ ನಮಗೆ ದಾರಿ ತೋರಿಸುವವರು ಒಬ್ಬ ಕ್ರೈಸ್ತ ಕವಿ, ಗುರ್ರಂ ಜಾಷುವಾ. 1895ರಲ್ಲಿ ವಿನುಕೊಂಡದಲ್ಲಿ ಹುಟ್ಟಿ, ಅಸ್ಪೃಶ್ಯತೆಯ ಅವಮಾನ ಉಂಡು ಬೆಳೆದವರು. ಅವರು ಸುಡುಗಾಡಿನ ಮೇಲೆ ಕೆಲವು ಪದ್ಯ ಬರೆದರು. ಸಾವಿನ ಮುಂದೆ ರಾಜನೂ ಬಡವನೂ ಒಂದೇ ಎಂಬ ಭಾವದವು. ಹರಿಶ್ಚಂದ್ರನ ಪಾತ್ರ ಮಾಡುವ ನಟರು ಆ ಪದ್ಯಗಳನ್ನು ಎತ್ತಿಕೊಂಡು ಸುಡುಗಾಡಿನ ದೃಶ್ಯದಲ್ಲಿ ಹಾಡತೊಡಗಿದರು. ಇವತ್ತು ಅವಿಲ್ಲದೆ ಆ ದೃಶ್ಯವೇ ಇಲ್ಲ ಅನ್ನುವಷ್ಟು ಅವು ಬೆರೆತುಹೋಗಿವೆ. ಊರು ಯಾರನ್ನು ಹೊರಗಿಟ್ಟಿತೋ ಅವರ ಪದ್ಯವೇ ಈಗ ರಾಜನ ಬಾಯಲ್ಲಿ! ಇದೇ ಜಾಷುವಾ ಯೇಸುಸ್ವಾಮಿಯ ಜೀವನವನ್ನು ‘ಕ್ರೀಸ್ತು ಚರಿತ್ರ’ ಎಂಬ ಕಾವ್ಯ ಮಾಡಿದರು. ಅದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಆಟಕ್ಕೆ ಬೆನ್ನು ತಿರುಗಿಸಲಿಲ್ಲ, ಕಣ್ಣು ಮುಚ್ಚಿ ಕೈಚಪ್ಪಾಳೆಯನ್ನೂ ತಟ್ಟಲಿಲ್ಲ. ತಮ್ಮ ಪದ್ಯ ಕೊಟ್ಟರು.

ಹಾಡು ಮುಚ್ಚುತ್ತದೆ, ಹಾಡು ತೆರೆಯುತ್ತದೆ

ಹಾಡು ಸತ್ಯವನ್ನು ಮುಚ್ಚಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ ‘ಕ್ಯಾಮೆಲಾಟ್’ನದೇ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾದ ಕೆಲವೇ ದಿನಗಳಲ್ಲಿ ಅವರ ಪತ್ನಿ ಒಬ್ಬ ಪತ್ರಕರ್ತರಿಗೆ, ನನ್ನ ಗಂಡನಿಗೆ ಆ ನಾಟಕದ ಹಾಡೆಂದರೆ ಇಷ್ಟವಿತ್ತು ಎಂದರು. ‘ಲೈಫ್’ ಪತ್ರಿಕೆಯಲ್ಲಿ ಅದು ಬಂತು. ಅಂದಿನಿಂದ ಅವರ ಆಡಳಿತಕ್ಕೆ ‘ಕ್ಯಾಮೆಲಾಟ್’ ಎಂಬ ಹೆಸರೇ ಬಿತ್ತು. ಸರಿ ತಪ್ಪು ಎರಡೂ ಇದ್ದ ಒಂದು ಕಾಲ ಹಾಡಿನಿಂದಾಗಿ ಚಿನ್ನದ ಕಾಲವಾಯಿತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ದುಃಖವನ್ನು ನಾವು ಆಡಿಕೊಳ್ಳುವುದಿಲ್ಲ. ಹಾಡಿನ ಶಕ್ತಿ ಎಷ್ಟು ಎಂದು ಹೇಳಲು ಮಾತ್ರ ಇದನ್ನು ತಂದೆವು.

ಆದರೆ ಅದೇ ಹಾಡು ಬಾಗಿಲು ತೆರೆಯುವುದೂ ಉಂಟು. ಆದಿಕಾಂಡದಲ್ಲಿ ಪೋಟೀಫರನ ಹೆಂಡತಿಗೆ ಹೆಸರೂ ಇಲ್ಲ, ಇರುವುದು ನಾಲ್ಕಾರು ಮಾತು. ಆಟದಲ್ಲಿ ರತ್ನಾಜಿಗೆ ಹೆಸರಿದೆ, ಹಾಡಿದೆ. ಒಳ್ಳೆಯ ಕಲಾವಿದೆ ಆ ಪಾತ್ರ ಮಾಡಿದರೆ, ಅರಮನೆಯಲ್ಲಿ ಒಂಟಿಯಾದ ಎಳೆಯ ಹೆಣ್ಣಿನ ಸಂಕಟ ಆ ರಾಗದಲ್ಲಿ ಕೇಳಿಸುತ್ತದೆ. ಅವಳಿಗೆ ಬೈಯುತ್ತಿದ್ದವರೂ ಆ ಹೊತ್ತು ಸುಮ್ಮನಾಗುತ್ತಾರೆ. ಕಥೆ ಕೊಡದ ನ್ಯಾಯವನ್ನು ಹಾಡು ಸ್ವಲ್ಪ ಹೊತ್ತಿಗಾದರೂ ಕೊಡುತ್ತದೆ. ಅದಕ್ಕೇ ನಮಗೆ ಆಟವನ್ನು ಪೂರ್ತಿ ಒಪ್ಪಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ.

ನಾತಾನನ ನಾಟಕ

ಪವಿತ್ರ ಗ್ರಂಥದಲ್ಲೂ ಹಾಡುವ ರಾಜ ಒಬ್ಬನಿದ್ದಾನೆ, ದಾವೀದ. ಅವನ ಮನೆಯಲ್ಲೂ ಇಂಥದೇ ಅನ್ಯಾಯ ನಡೆಯಿತು. ಊರೀಯನ ಹೆಂಡತಿ ಬೆತ್ಷೆಬೆಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ. ಬೇರೆ ಕಥೆಯಾಗಿದ್ದರೆ ಹೊರೆ ಬೆತ್ಷೆಬೆಯ ಹೆಗಲಿಗೆ ಬೀಳುತ್ತಿತ್ತು. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯ ಓದಿ ನೋಡಿ. ಪ್ರವಾದಿ ನಾತಾನ ನೇರವಾಗಿ ಬೈಯಲು ಹೋಗುವುದಿಲ್ಲ. ಒಬ್ಬ ಬಡವ, ಅವನು ಮಗಳಂತೆ ಸಾಕಿದ ಒಂದೇ ಒಂದು ಕುರಿಮರಿ, ಅದನ್ನು ಕಿತ್ತುಕೊಂಡ ಶ್ರೀಮಂತ, ಹೀಗೆ ಒಂದು ಕಥೆ ಹೇಳುತ್ತಾನೆ. ಕಥೆ ಕೇಳಿದ ರಾಜ ಸಿಟ್ಟಿನಿಂದ ಎದ್ದು ನಿಂತಾಗ, ಆ ಮನುಷ್ಯ ನೀನೇ ಎನ್ನುತ್ತಾನೆ. ನಾತಾನ ಬೆರಳು ತೋರಿಸಿದ್ದು ಸಿಂಹಾಸನದ ಕಡೆಗೆ.

ಒಳ್ಳೆಯ ನಾಟಕಕ್ಕೆ ನಮ್ಮ ಅಳತೆ ಇದು. ನೋಡಿ ಎದ್ದು ಬರುವಾಗ “ಅವಳಿಂದ ಹಾಳಾಯಿತು” ಎಂಬ ಮಾತು ಬಾಯಿಗೆ ಬರುತ್ತದೋ, “ಅದರಲ್ಲಿ ನಾನೂ ಇದ್ದೇನೆ” ಎಂಬುದು ಮನಸ್ಸಿಗೆ ತಟ್ಟುತ್ತದೋ?

ಇದೇ ಅಳತೆಯನ್ನು ನಮ್ಮ ಕ್ರಿಸ್ತಜಯಂತಿ ನಾಟಕಕ್ಕೂ, ಪವಿತ್ರ ವಾರದ ನಾಟಕಕ್ಕೂ ಹಚ್ಚಬೇಕು. ಹೆರೋದನ ಪಾತ್ರಕ್ಕೆ ಕಪ್ಪಗಿರುವ ಹುಡುಗನನ್ನೇ ಹುಡುಕುವುದು ಯಾಕೆ? ದೇವದೂತರೆಲ್ಲ ಬೆಳ್ಳಗೇ ಇರಬೇಕೆಂದು ಯಾವ ಶುಭಸಂದೇಶ ಹೇಳಿದೆ? ಮಗ್ದಲದ ಮರಿಯಳನ್ನು ಇನ್ನೂ ಪಾಪಿ ಹೆಣ್ಣಾಗಿ ಅಳಿಸುತ್ತಾ ಕೂರಿಸುತ್ತೇವೆ. ಆಕೆ ವೇಶ್ಯೆಯಾಗಿದ್ದಳು ಎಂದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. 591ರಲ್ಲಿ ಪೋಪ್ ಮಹಾ ಗ್ರೆಗೊರಿಯವರ ಒಂದು ಪ್ರಬೋಧನೆ ಬೇರೆ ಬೇರೆ ಸ್ತ್ರೀಯರನ್ನು ಒಬ್ಬಳೆಂದು ಸೇರಿಸಿದ ಮೇಲೆ ಪಶ್ಚಿಮದ ಧರ್ಮಸಭೆಯಲ್ಲಿ ಆ ರೂಢಿ ಗಟ್ಟಿಯಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು. ಪುನರುತ್ಥಾನದ ಸುದ್ದಿ ಮೊದಲು ಹೊತ್ತು 

ತಂದವಳು ಆಕೆಯೇ ಅಲ್ಲವೇ? ಬಯಲಾಟದ ರತ್ನಾಜಿಯ ಬಗ್ಗೆ ಮಾತಾಡುವ ಮುಂಚೆ ನಮ್ಮ ಅಟ್ಟದ ಮೇಲಿನ ಮರಿಯಳಿಗೆ ನ್ಯಾಯ ಸಿಗಲಿ.

ನಮ್ಮ ಕೋರಿಕೆ

ಪೂಜೆಯ ಬಗ್ಗೆ ಹಿರಿಯರಿಗಿರುವ ಅಳುಕನ್ನು ನಾವು ಹಗುರ ಮಾಡುವುದಿಲ್ಲ. ಯಾರ ಮನಸ್ಸಾಕ್ಷಿ ಒಪ್ಪುವುದಿಲ್ಲವೋ ಅವರು ಹೋಗದಿರಲಿ, ಅವರನ್ನು ಯಾರೂ ಅಣಕಿಸಬಾರದು. ಹೋಗುವವರು ಪೂಜೆಯ ಹೊತ್ತಿನಲ್ಲಿ ಗೌರವದಿಂದ ಸುಮ್ಮನೆ ಕೂರಲಿ. ಬೇರೆ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕಲಿಸಿದೆ. ಊರಿನವರು ತಿಂಗಳುಗಟ್ಟಲೆ ತಾಲೀಮು ಮಾಡಿ ಆಡುವ ಆಟಕ್ಕೆ ನೆರೆಯವರಾಗಿ ಹೋಗಿ ಕೂರುವುದು ಕೂಡ ಒಂದು ಪ್ರೀತಿಯ ಕೆಲಸ.

ಯುವಜನರಲ್ಲಿ ನಮ್ಮ ಕೋರಿಕೆ ಮೂರು. ಒಂದು, ಆಟಕ್ಕೆ ಒಬ್ಬೊಬ್ಬರೇ ಹೋಗದೆ ಗುಂಪಾಗಿ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗೋಣ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಕೂತು, ಕಥೆಯಲ್ಲಿ ಹೊರೆ ಯಾರ ಹೆಗಲಿಗೆ ಬಿತ್ತು ಎಂದು ಮಾತಾಡೋಣ. ಎರಡು, ಈ ಸಲದ ಕ್ರಿಸ್ತಜಯಂತಿ ನಾಟಕವನ್ನು ಫೋನಿನಿಂದ ಇಳಿಸಿಕೊಳ್ಳದೆ ನಾವೇ ಬರೆಯೋಣ. ಹುಡುಗಿಯರೂ ಬರೆಯಲಿ. ಕುರುಬನ ಹೆಂಡತಿಗೆ, ಛತ್ರದಲ್ಲಿ ಪಾತ್ರೆ ತೊಳೆಯುವ ಹುಡುಗಿಗೆ ಒಂದೊಂದು ಹಾಡು ಇರಲಿ. ಮೂರು, ಅದರಲ್ಲಿ ಮದ್ದಳೆಯೂ ಇರಲಿ, ನಮ್ಮ ಅಜ್ಜಂದಿರ ಹಲಗೆಯೂ ಇರಲಿ. ಬೆತ್ಲೆಹೇಮಿಗೆ ಬಂದ ಕುರುಬರನ್ನು ಒಬ್ಬ ಸಾರಥಿ ತಡೆದು, ನೀವ್ಯಾರು, ಯಾವ ಊರಿನವರು ಎಂದು ಕೇಳಲಿ. ಅವರು ಕೋಸಗಿಯ ಮಾತಿನಲ್ಲೇ ಉತ್ತರ ಕೊಡಲಿ.

‘ಕ್ಯಾಮೆಲಾಟ್’ ನಾಟಕದ ಕೊನೆಗೆ ಯುದ್ಧದ ಬಯಲಿನಲ್ಲಿ ಆರ್ಥರನಿಗೆ ಒಬ್ಬ ಸಣ್ಣ ಹುಡುಗ ಸಿಗುತ್ತಾನೆ. ಹೋರಾಡಲು ಬಂದವನು. ರಾಜ ಅವನನ್ನು ಹೋರಾಡಲು ಬಿಡದೆ, ಊರಿಗೆ ಹೋಗಿ ಈ ಕಥೆಯನ್ನು ಎಲ್ಲರಿಗೂ ಹೇಳು ಎಂದು ಕಳಿಸುತ್ತಾನೆ. ಕಥೆ ಉಳಿದದ್ದು ಹಾಗೆ ಹೇಳುವವರು ಇದ್ದುದರಿಂದ. ನಮ್ಮ ಸೀಮೆಯ ಕಥೆಗಳನ್ನು ಇನ್ನು ಮುಂದೆ ಹೇಳಬೇಕಾದವರು ನಾವೇ, ಗೆಳೆಯರೇ. ಯಾರನ್ನೂ ಬಿಡದೆ ಹೇಳೋಣ.

ನಾಟಕ ಬರೆಯುವ ಮನಸ್ಸಿರುವವರು, ಹಲಗೆ ಬಾರಿಸಲು ಬರುವವರು, ಹಳೆಯ ಆಟದ ಪದಗಳು ನೆನಪಿರುವ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಅವರೂ, ಭಾನುವಾರ ಪೂಜೆ ಮುಗಿದ ಮೇಲೆ ನಮ್ಮನ್ನು ಕಾಣಿರಿ.

ಪ್ರಭು ನಿಮ್ಮೊಡನಿರಲಿ.